ಗುಂಡು ಸಿಡ್ನಿಗೆ, ಕಲ್ಲು ಮೆಲ್ಬರ್ನಿಗೆ

ಜಗಳ ಆಡುವವರಿಗೆ ಒಂದು ಬಗೆಯ ಸುಖ ಇರುತ್ತದೆ. ದೂರ ನಿಂತು ನೋಡುವವರಿಗೆ ಅದಕ್ಕಿಂತ ಹೆಚ್ಚಿನ ಸುಖ ಇರುತ್ತದೆ. ನಡುವೆ ಹೋಗಿ ಬಿಡಿಸುವವನಿಗೆ ಏನು ಸಿಗುತ್ತದೆ ಎಂದು ಯಾರಾದರೂ ಮೊದಲೇ ಕೇಳಿದ್ದರೆ, ಮರ್ಯಾದೆ ಸಿಗುತ್ತದೆ ಎಂದು ನಾನು ಎದೆ ತಟ್ಟಿ ಹೇಳುತ್ತಿದ್ದೆ. ಹಾಗೆ ಹೇಳಲು ನನಗೆ ಅಧಿಕಾರವೂ ಇತ್ತು. ಸಿಡ್ನಿಯ ಒಂದು ಹೈಸ್ಕೂಲಿನಲ್ಲಿ ನಾನು ಇತಿಹಾಸದ ಮೇಷ್ಟ್ರು. ಯುರೋಪಿನ ರಾಜಮನೆತನಗಳು ಇನ್ನೂರು ಮುನ್ನೂರು ವರ್ಷ ಹೇಗೆ ಹೊಡೆದಾಡಿದವು, ಹೇಗೆ ಹೆಣ್ಣು ಕೊಟ್ಟು ಹೆಣ್ಣು ತಂದು ರಾಜಿಯಾದವು, ರಾಜಿಯಾದ ಮೇಲೆ ಆ ಮದುವೆಗಳ ನೆಪದಲ್ಲೇ ಹೇಗೆ ಮತ್ತೆ ಹೊಡೆದಾಡಿದವು ಎಂಬುದನ್ನು ವರ್ಷವರ್ಷವೂ ಬೋರ್ಡಿನ ಮೇಲೆ ವಂಶವೃಕ್ಷ ಬಿಡಿಸಿ ಪಾಠ ಮಾಡುತ್ತೇನೆ. ಮಕ್ಕಳು ಆಕಳಿಸುತ್ತಾರೆ. ನಾನು ಮಾತ್ರ ಆ ಪಾಠದಲ್ಲಿ ಮೈಮರೆಯುತ್ತೇನೆ. ಹೀಗೆ ಮೈಮರೆತು ಮರೆತು, ರಾಜತಂತ್ರ ಎಂಬ ವಿದ್ಯೆ ನನಗೂ ಒಲಿದಿದೆ ಎಂಬ ಭ್ರಮೆ ಯಾವಾಗ ಹತ್ತಿತೋ ಗೊತ್ತಾಗಲಿಲ್ಲ.

ಭ್ರಮೆಯನ್ನು ಪರೀಕ್ಷಿಸಲು ಯುದ್ಧವೊಂದು ಬೇಕಲ್ಲ, ಅದು ನಮ್ಮ ಮನೆಯಲ್ಲೇ ಇತ್ತು. ನನಗೆ ಒಬ್ಬಳು ಅಕ್ಕ, ಒಬ್ಬಳು ತಂಗಿ. ಅಕ್ಕ ವಾರಿಜ ಮೆಲ್ಬರ್ನಿನ ವೆರಿಬೀಯಲ್ಲಿದ್ದಾಳೆ, ಆಸ್ಪತ್ರೆಯಲ್ಲಿ ನರ್ಸು. ತಂಗಿ ಪ್ರಮೀಳ ಇಲ್ಲೇ ಸಿಡ್ನಿಯ ಹ್ಯಾರಿಸ್ ಪಾರ್ಕಿನಲ್ಲಿದ್ದಾಳೆ, ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ನಾನು, ನನ್ನ ಬೆಂಗಳೂರಿನ ಹೆಂಡತಿ ಗೀತಾ ಪೆಂಡಲ್ ಹಿಲ್ಲಿನಲ್ಲಿ. ಅಕ್ಕ ತಂಗಿಯರು ಒಬ್ಬರ ಜೊತೆ ಒಬ್ಬರು ಮಾತು ಬಿಟ್ಟು ಕೆಲವು ವರ್ಷಗಳೇ ಆಗಿದ್ದವು. ಕಾರಣ ಒಂದು ಕಲ್ಲು.

ಕಲ್ಲೆಂದರೆ ನಮ್ಮ ಅಮ್ಮನ ಕಡೆಯುವ ಕಲ್ಲು, ಅಂದರೆ ರುಬ್ಬುವ ಒರಳು. ಅಮ್ಮ ಹೋದ ಮೇಲೆ ಉಡುಪಿಯ ಮನೆ ಹೆದ್ದಾರಿ ಅಗಲ ಮಾಡುವಾಗ ರಸ್ತೆಗೆ ಸೇರಿತು. ಪರಿಹಾರ, ಬಂಗಾರ, ಪಾತ್ರೆ ಎಲ್ಲ ಒಂದೇ ಮಧ್ಯಾಹ್ನದಲ್ಲಿ, ಎಲೆಯಡಿಕೆ ಹಾಕುತ್ತಾ ಹಂಚಿಕೆಯಾಯಿತು. ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಕಲ್ಲನ್ನು ಬಿಡಲು ಮನಸ್ಸಾಗದೆ ನಾನು ಅದನ್ನು ಹಡಗಿನಲ್ಲಿ ಬರುವ ಸಾಮಾನಿನ ಜೊತೆ ಸಿಡ್ನಿಗೆ ಕಳಿಸಿದೆ. ಬಂದರಿನಲ್ಲಿ ತಪಾಸಣೆಯವರು ಅದನ್ನು ಸುತ್ತಲೂ ನೋಡಿ, ಮೂಸಿ, ಮಣ್ಣಿದೆಯೋ ಎಂದು ಬ್ರಶ್ ಹಾಕಿ ತಿಕ್ಕಿ, ಕೊನೆಗೆ ಇದು ನಿಮ್ಮ ದೇವರೇ ಎಂದು ವಿನಯದಿಂದ ಕೇಳಿದರು. ಅಲ್ಲ, ಚಟ್ನಿಯದು ಎಂದೆ. ದೇವರು ಎಂದಿದ್ದರೆ ಇನ್ನೂ ಬೇಗ ಬಿಡುತ್ತಿದ್ದರೇನೋ.

ಕಲ್ಲು ನನ್ನ ಗ್ಯಾರೇಜಿನಲ್ಲಿ ಕೂತದ್ದೇ ತಡ, ಇಬ್ಬರೂ ಹಕ್ಕು ಮಂಡಿಸಿದರು. ಇಲ್ಲಿ ಓದುಗರಿಗೆ ಒಂದು ಮಾತು ಹೇಳಬೇಕು. ಫ್ರಾನ್ಸಿನಲ್ಲಿ ಹೆಣ್ಣಿಗೂ ಹೆಣ್ಣಿನ ಮಕ್ಕಳಿಗೂ ಸಿಂಹಾಸನ ಇಲ್ಲ ಎಂಬ ಹಳೆಯ ಕಾನೂನಿತ್ತು. ಅದನ್ನು ಪಾಠ ಮಾಡುವಾಗಲೆಲ್ಲ ನನಗೆ ಒಳಗೊಳಗೇ ನಗು ಬರುತ್ತದೆ. ನಮ್ಮದು ಅಳಿಯಸಂತಾನದ ಮನೆತನ. ವಂಶ ನಡೆಯುವುದೇ ಹೆಣ್ಣಿನಿಂದ. ಅಮ್ಮನ ವಾರಸುದಾರಿಕೆಯ ಪ್ರಶ್ನೆ ಬಂದರೆ ಗಂಡುಮಗನಾದ ನಾನು ಹೆಚ್ಚೆಂದರೆ ಉಗ್ರಾಣದ ಕಾವಲುಗಾರ. ಹಿರಿಯ ಹೆಣ್ಣು ನಾನು ಎಂದಳು ಅಕ್ಕ. ಆ ಕಲ್ಲಿನ ಮುಂದೆ ಕೂತು ಅಮ್ಮನ ಜೊತೆ ಕಡೆದವಳು ನಾನು, ಅಕ್ಕ ಮದುವೆಯಾಗಿ ಮಿಕ್ಸಿಯ ಮನೆಗೆ ಹೋದವಳು ಎಂದಳು ಪ್ರಮೀಳ. ಸ್ಪೇನಿನ ರಾಜನಿಗೆ ಮಕ್ಕಳಿಲ್ಲದೆ ಹೋದಾಗ ಅರ್ಧ ಯುರೋಪು ಬಡಿದಾಡಿತಲ್ಲ, ಆಗಲೂ ಎರಡೂ ಕಡೆಯವರ ವಾದ ಇಷ್ಟೇ ಸರಿಯಾಗಿತ್ತು.

ಹೀಗೆ ನಾನು ರಾಯಭಾರಿಯಾದೆ. ದಿನಾ ಸಂಜೆ ಡ್ಯೂಟಿ ಮುಗಿಸಿ ಅಕ್ಕನ ಫೋನು. ಅದು ಮುಗಿಯುವಷ್ಟರಲ್ಲಿ ಪ್ರಮೀಳನ ಫೋನು. ಮೂವತ್ತು ವರ್ಷ ಕಾದಾಡಿ ಸುಸ್ತಾದ ಯುರೋಪಿನ ದೊರೆಗಳು ಜರ್ಮನಿಯಲ್ಲಿ ಸಂಧಾನಕ್ಕೆ ಕೂತಾಗ, ವೈರಿಗಳು ಬಹಳ ಮಟ್ಟಿಗೆ ಮುಖಾಮುಖಿ ಮಾತನಾಡುತ್ತಿರಲಿಲ್ಲ. ಮಧ್ಯಸ್ಥರು ಈ ಮನೆಯ ಮಾತನ್ನು ಆ ಮನೆಗೆ, ಆ ಮನೆಯದನ್ನು ಈ ಮನೆಗೆ ಹೊತ್ತು ತಿರುಗುತ್ತಿದ್ದರು. ನನ್ನ ಕೆಲಸವೂ ಅದೇ. ಹೊರುವಾಗ ಮಾತಿನ ಮುಳ್ಳನ್ನು ಕಿತ್ತು ಹೊರುತ್ತಿದ್ದೆ. ‘ಅವಳಿಗೆ ಕಲ್ಲಿನ ಮುಂದೆ ಕೂತರೆ ಏಳ್ಲಿಕ್ಕೆ ಕ್ರೇನ್ ಬೇಕು ಮಾರಾಯ’ ಎಂದು ಅಕ್ಕ ಹೇಳಿದರೆ, ಪ್ರಮೀಳನಿಗೆ ‘ಅಕ್ಕನಿಗೆ ನಿನ್ನ ಸೊಂಟದ್ದೇ ಚಿಂತೆ’ ಎಂದು ದಾಟಿಸುತ್ತಿದ್ದೆ.

‘ನನ್ನ ಸೊಂಟಕ್ಕೆ ಎಂತ ಆಗಿದೆ? ಅವಳಿಗೆ ಯಾರು ಹೇಳಿದ್ದು?’ ಎಂದು ಪ್ರಮೀಳ ಕೇಳುತ್ತಿದ್ದಳು.

ನನ್ನ ಹೆಂಡತಿ ಗೀತಾ ಸೋಫಾದಲ್ಲಿ ಕೂತು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳು. ‘ರೀ, ಸುಮ್ನೆ ಇಬ್ರನ್ನೂ ಒಂದು ವೀಕೆಂಡ್ ಕರೆದು ರೂಮಲ್ಲಿ ಕೂಡಿ ಹಾಕಿ. ಕಿರುಚಾಡ್ಕೊಂಡು ಸರಿ ಹೋಗ್ತಾರೆ’ ಎಂದಳು ಒಮ್ಮೆ. ನನಗೆ ಅಯ್ಯೋ ಪಾಪ ಎನ್ನಿಸಿತು. ಲಂಡನ್ನಿನಲ್ಲಿ ಯಾರ ಸಾರೋಟು ಮುಂದೆ ಹೋಗಬೇಕು ಎಂಬ ವಿಷಯಕ್ಕೆ ಫ್ರಾನ್ಸಿನ ಮತ್ತು ಸ್ಪೇನಿನ ರಾಯಭಾರಿಗಳ ಆಳುಗಳು ಬೀದಿಯಲ್ಲಿ ಕಡಿದಾಡಿದ ಕತೆಯನ್ನು ಅವಳಿಗೆ ವಿವರಿಸಿ, ಯಾರು ಯಾರ ಮನೆಗೆ ಮೊದಲು ಹೋಗಬೇಕೆಂಬುದು ಎಂಥ ಸೂಕ್ಷ್ಮ ಪ್ರಶ್ನೆ ಎಂದು ತಿಳಿಹೇಳಿದೆ. ಅವಳು ಟೀವಿಯ ದನಿ ಹೆಚ್ಚು ಮಾಡಿದಳು.

ಕೊನೆಗೆ ನನ್ನ ಮಹಾ ಸಂಧಾನ ಹೊಳೆದದ್ದು ಕ್ಲಾಸಿನಲ್ಲೇ. ಸ್ಪೇನಿನ ರಾಜ ಇನ್ನೂ ಉಸಿರಾಡುತ್ತಿರುವಾಗಲೇ ಇಂಗ್ಲೆಂಡು ಫ್ರಾನ್ಸುಗಳು ಗುಟ್ಟಾಗಿ ಕೂತು ಅವನ ಸಾಮ್ರಾಜ್ಯವನ್ನು ಪಾಲು ಮಾಡಿದ ಪಾಠ ನಡೆದಿತ್ತು. ಪಾಲು ಎಂದು ಬೋರ್ಡಿನಲ್ಲಿ ಬರೆದವನು ಅಲ್ಲೇ ನಿಂತುಬಿಟ್ಟೆ. ಕಡೆಯುವ ಕಲ್ಲಿನಲ್ಲಿ ಎರಡು ಭಾಗ. ಕೆಳಗೆ ಗುಳಿ ಇರುವ ಕಲ್ಲು, ಅದರೊಳಗೆ ತಿರುಗುವ ಗುಂಡು. ಕಲ್ಲು ಹಿರಿಯಳಿಗೆ ಮೆಲ್ಬರ್ನಿಗೆ, ಗುಂಡು ಕಿರಿಯಳಿಗೆ ಹ್ಯಾರಿಸ್ ಪಾರ್ಕಿಗೆ. ಇದರಿಂದ ಯಾರೂ ಗೆದ್ದ ಹಾಗೆ ಆಗುವುದಿಲ್ಲ, ಯಾರೂ ಸೋತ ಹಾಗೆಯೂ ಆಗುವುದಿಲ್ಲ. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಆ ಪಾಲುಪಟ್ಟಿಯ ಸುದ್ದಿ ಕೇಳಿ ಸ್ಪೇನಿನ ರಾಜ ಕೆಂಡವಾದದ್ದು, ಆಮೇಲೆ ಹತ್ತು ವರ್ಷಕ್ಕೂ ಮೀರಿ ಯುದ್ಧವಾದದ್ದು ಅದೇ ಪಾಠದ ಮುಂದಿನ ಪುಟದಲ್ಲಿತ್ತು. ಆ ಪುಟವನ್ನು ನಾನು ಇಪ್ಪತ್ತು ಸಲವಾದರೂ ಪಾಠ ಮಾಡಿದ್ದೇನೆ. ಮನೆಯ ವಿಷಯಕ್ಕೆ ಬಂದಾಗ ಮಾತ್ರ ನೆನಪಿಗೆ ಬರಲಿಲ್ಲ ನೋಡಿ.

ಇಬ್ಬರೂ ಒಪ್ಪಿದರು. ಒಬ್ಬಳಿಗೆ ಪೂರ್ತಿ ಸಿಗಲಿಲ್ಲವಲ್ಲ ಎಂಬ ಸಮಾಧಾನ ಇನ್ನೊಬ್ಬಳಿಗೆ ಇತ್ತೆಂದು ಈಗ ಅನ್ನಿಸುತ್ತದೆ. ಕಲ್ಲು ಯಾರದೋ ಲಾರಿಯಲ್ಲಿ ಮೆಲ್ಬರ್ನಿಗೆ ಹೋಯಿತು. ಗುಂಡನ್ನು ನಾನೇ ಬೆನ್ನಿನ ಚೀಲಕ್ಕೆ ಹಾಕಿಕೊಂಡು ಟ್ರೇನಿನಲ್ಲಿ ಹ್ಯಾರಿಸ್ ಪಾರ್ಕಿಗೆ ಒಯ್ದೆ. ಪಕ್ಕದಲ್ಲಿ ಕೂತವನ ಕಾಲ ಮೇಲೆ ಅರಿಯದೆ ಚೀಲ ಇಳಿಸಿದಾಗ ಅವನ ಮುಖದಲ್ಲಿ ಆದ ಬದಲಾವಣೆ ನೋಡಿ ಮರುಕ ಬಂತು. ಮುಂದೆ ಒಂದಿಷ್ಟು ಕಾಲ ಎಲ್ಲವೂ ನೆಟ್ಟಗಿತ್ತು. ಫೋನುಗಳು ಬರುತ್ತಿದ್ದವು. ನಾನು ಮಾತು ಹೊರುತ್ತಿದ್ದೆ.

ಒಂದು ದಿನ ಪರೀಕ್ಷೆಯ ಪೇಪರುಗಳ ರಾಶಿ ಮುಂದಿಟ್ಟುಕೊಂಡು ಮಾರ್ಕು ಹಾಕುತ್ತಿದ್ದೆ. ಪ್ರಮೀಳ ಫೋನು ಮಾಡಿ, ಅಕ್ಕ ಆ ಕಲ್ಲಿನಲ್ಲಿ ಎಂತ ಮಾಡುತ್ತಾಳೆ ಎಂದು ಕೇಳಿದಳು. ಪೇಪರಿನ ಮೇಲಿನ ಕಣ್ಣು ತೆಗೆಯದೆ, ‘ಗುಳಿಗೆ ಮಣ್ಣು ತುಂಬಿ ಕೊತ್ತಂಬರಿ ಬೆಳೆಸಿದ್ದಾಳೆ, ಚೆನ್ನಾಗಿ ಬಂದಿದೆಯಂತೆ’ ಎಂದೆ. ಆಮೇಲೆ ಅಕ್ಕ ಮಾಡಿದಳು. ಗುಂಡು ಏನಾಯಿತು ಎಂದಳು. ‘ಬಾಲ್ಕನಿ ಬಾಗಿಲು ಗಾಳಿಗೆ ಬಡಿಯುತ್ತದೆ ಅಂತ ಅಡ್ಡ ಇಟ್ಟಿದ್ದಾಳೆ’ ಎಂದೆ. ಮುಳ್ಳು ಕೀಳಲು ಅವತ್ತು ನನಗೆ ಪುರಸೊತ್ತಿರಲಿಲ್ಲ. ಮಾರನೆಯ ದಿನ ಫೋನು ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಮೂರನೆಯ ದಿನ ಅಕ್ಕ ಮಾಡಿದಳು. ಅವಳ ದನಿ ಅತ್ತು ಮುಗಿಸಿದವರ ದನಿಯ ಹಾಗಿತ್ತು.

‘ಸುರೇಶ, ನಿಂಗೆ ಬುದ್ಧಿ ಉಂಟಾ?’ ಎಂದಳು. ‘ಅಮ್ಮನ ಕಲ್ಲು ಒಂದು ಕಡೆ, ಗುಂಡು ಒಂದು ಕಡೆ ಮಾಡುದಾ? ಯಾರಾದ್ರೂ ಮಾಡ್ತಾರಾ ಹಾಗೆ?’

‘ನೀವೇ ಒಪ್ಪಿದ್ದಲ್ಲ’ ಎಂದೆ.

‘ನಮಗೆ ಕೋಪ ಇತ್ತು, ಒಪ್ಪಿದೆವು. ನಿಂಗೆ ಎಂತ ಆಗಿತ್ತು? ಪ್ರಮೀಳ ಸಹ ಅದನ್ನೇ ಹೇಳ್ತಾಳೆ.’

ಆ ಕೊನೆಯ ಮಾತಿನಿಂದ ನನಗೆ ವಿಷಯ ತಿಳಿಯಿತು. ಅಮ್ಮನ ಕಲ್ಲಿನಲ್ಲಿ ಕೊತ್ತಂಬರಿಯೇ ಎಂದು ಉರಿದೆದ್ದ ಪ್ರಮೀಳ, ನನ್ನನ್ನು ಬದಿಗಿಟ್ಟು ನೇರ ಅಕ್ಕನಿಗೆ ಫೋನು ಮಾಡಿದ್ದಳು. ಅಮ್ಮನ ಗುಂಡು ಬಾಗಿಲಿಗೆ ಅಡ್ಡವೇ ಎಂದು ಅಕ್ಕ ತಿರುಗಿ ಬಿದ್ದಿದ್ದಳು. ಇಬ್ಬರೂ ತುಳುವಿನಲ್ಲಿ ಬಾಯಿಗೆ ಬಂದದ್ದನ್ನೆಲ್ಲ ಬೈದುಕೊಂಡು, ಬೈಗುಳ ಖಾಲಿಯಾದ ಮೇಲೆ ಅಮ್ಮನ ವಿಷಯ ಬಂದು ಅತ್ತು, ಅತ್ತಾದ ಮೇಲೆ ಇಷ್ಟಕ್ಕೆಲ್ಲ ಯಾರು ಕಾರಣ ಎಂದು ಹುಡುಕಿದ್ದರು. ಹುಡುಕಲು ಬಹಳ ದೂರ ಹೋಗಬೇಕಾಗಲಿಲ್ಲ. ತಲೆತಲಾಂತರದ ವೈರಿಗಳಾದ ಆಸ್ಟ್ರಿಯಾ ಫ್ರಾನ್ಸುಗಳು ಇದ್ದಕ್ಕಿದ್ದಂತೆ ಕೈ ಹಿಡಿದುಕೊಂಡಾಗ ಯುರೋಪು ಬೆಪ್ಪಾಗಿ ನಿಂತಿತ್ತು ಎಂದು ಪಾಠದಲ್ಲಿ ಹೇಳುತ್ತೇನೆ. ಬೆಪ್ಪಾಗಿ ನಿಲ್ಲುವುದು ಹೇಗಿರುತ್ತದೆ ಎಂದು ಈಗ ಇನ್ನೂ ಚೆನ್ನಾಗಿ ವಿವರಿಸಬಲ್ಲೆ. ಮುಂದಿನ ರಜೆಯಲ್ಲಿ ಪ್ರಮೀಳ ಗುಂಡನ್ನು ಕಾರಿನ ಹಿಂದಿನ ಸೀಟಿನಲ್ಲಿಟ್ಟು, ಅದಕ್ಕೂ ಬೆಲ್ಟು ಹಾಕಿ, ಮೆಲ್ಬರ್ನಿಗೆ ಹೊರಟಳು. ನಾನೂ ಬರಲೇ ಎಂದು ಕೇಳಿದೆ. ‘ಬೇಡ ಅಣ್ಣ, ನಾವಿಬ್ರೇ ಸ್ವಲ್ಪ ಮಾತಾಡ್ಲಿಕ್ಕುಂಟು’ ಎಂದಳು.

ಅಲ್ಲಿಂದ ನನ್ನ ಸಂಜೆಗಳು ಖಾಲಿಯಾದವು. ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದೆ. ಚಾರ್ಜು ಹೋಯಿತೋ ಎಂದು ನೋಡುತ್ತಿದ್ದೆ. ಪೂರ್ತಿ ಇರುತ್ತಿತ್ತು. ಮೊದಲೆಲ್ಲ ಹ್ಯಾರಿಸ್ ಪಾರ್ಕಿನ ಅಂಗಡಿಗೆ ಕುಚ್ಚಲಕ್ಕಿ ಬಂತೆಂಬುದನ್ನೂ ನನಗೆ ಹೇಳದೆ ಪ್ರಮೀಳ ಇರುತ್ತಿರಲಿಲ್ಲ. ಈಗ ಅವಳಿಗೆ ಪ್ರಮೋಶನ್ ಆದ ಸುದ್ದಿ ನನಗೆ ಫೇಸ್‌ಬುಕ್ಕಿನಲ್ಲಿ ಸಿಕ್ಕಿತು. ಸಂತೋಷಪಡಬೇಕಾದವನು ನಾನು. ಇದಕ್ಕಾಗಿಯೇ ಅಲ್ಲವೇ ಒದ್ದಾಡಿದ್ದು? ಆದರೆ ನಿಜ ಹೇಳುತ್ತೇನೆ, ನನಗೆ ಸಂಕಟವಾಗುತ್ತಿತ್ತು. ಒಡಹುಟ್ಟಿದವರು ಒಂದಾದದ್ದಕ್ಕೆ ಸಂಕಟಪಡುವ ಮನುಷ್ಯ ನಾನು ಎಂಬುದು ಅದಕ್ಕಿಂತ ದೊಡ್ಡ ಸಂಕಟ. ಗೀತಾ ಹೇಳಿದಂತೆ ಮೊದಲೇ ರೂಮಿನಲ್ಲಿ ಕೂಡಿ ಹಾಕಿದ್ದರೆ, ಬಾಗಿಲ ಹೊರಗಾದರೂ ನಾನು ಇರುತ್ತಿದ್ದೆ. ಅದು ಬಿಟ್ಟು ಅಷ್ಟು ವರ್ಷ ಸಂಧಾನ ಸಂಧಾನ ಎಂದುಕೊಂಡು ಜಗಳವನ್ನು ಹದವಾದ ಉರಿಯಲ್ಲಿ ಇಟ್ಟುಕೊಂಡಿದ್ದವನು ನಾನೇ ಇರಬೇಕು.

ಹೋದ ಭಾನುವಾರ ತಡೆಯಲಾರದೆ ಒಂದು ಕೆಲಸ ಮಾಡಿದೆ. ಗೀತಾ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದಳು. ಅಕ್ಕನಿಗೆ ಫೋನು ಮಾಡಿ, ಹವಾಮಾನ ವಿಚಾರಿಸಿ, ಮೆಲ್ಲಗೆ ದನಿ ಇಳಿಸಿ ಹೇಳಿದೆ: ‘ಅಕ್ಕ, ನೀನು ಬೇಜಾರು ಮಾಡ್ಬಾರ್ದು. ಪ್ರಮೀಳ ಹೇಳ್ತಿದ್ದಳು, ನಿನ್ನ ಕೋಳಿ ಸಾರಿಗೆ ಈಗ ಮೊದಲಿನ ರುಚಿ ಇಲ್ಲ ಅಂತ.’



‘ಯಾವಾಗ ಹೇಳಿದ್ದು?’ ಎಂದಳು ಅಕ್ಕ.

‘ನಿನ್ನೆ. ಫೋನಿನಲ್ಲಿ.’

‘ಅವಳು ಶುಕ್ರವಾರದಿಂದ ಇಲ್ಲೇ ಇದ್ದಾಳೆ ಮಾರಾಯ. ಫೋನು ಸ್ಪೀಕರಿನಲ್ಲುಂಟು.’

ಇಬ್ಬರೂ ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ನಗುತ್ತಾರೆ ಎಂದುಕೊಂಡೆ, ಅದೂ ಇಲ್ಲ. ಪಾತ್ರೆ ಇಡುವ ಸದ್ದಾಯಿತು. ಆಮೇಲೆ ಪ್ರಮೀಳನ ದನಿ ಹತ್ತಿರ ಬಂತು.

‘ಅಣ್ಣ, ಊಟ ಆಯ್ತಾ?’

‘ಆಯ್ತು’ ಎಂದೆ. ಆಗಿರಲಿಲ್ಲ.

‘ಮತ್ತೆ? ನಿನ್ನದೆಂತ ವಿಶೇಷ?’

ಅಷ್ಟು ವರ್ಷ ದಿನಾ ಎರಡೆರಡು ಫೋನು ಬಂದರೂ, ಇಬ್ಬರಲ್ಲಿ ಒಬ್ಬಳೂ ನನ್ನನ್ನು ಕೇಳದೆ ಇದ್ದ ಮಾತು ಅದು. ಕೇಳಿ ಇಬ್ಬರೂ ಕಾದರು. ಅವಳು ಹೀಗೆಂದಳು, ಇವಳು ಹಾಗೆಂದಳು ಎಂಬುದನ್ನು ಬಿಟ್ಟರೆ ನನ್ನ ಹತ್ತಿರ ನನ್ನದು ಎನ್ನುವ ಸುದ್ದಿ ಒಂದೂ ಇರಲಿಲ್ಲ. ‘ಮತ್ತೆ ಮಾಡ್ತೇನೆ’ ಎಂದು ಇಟ್ಟೆ.

ಗೀತಾ ಖಾಲಿ ಬಕೆಟ್ಟು ಹಿಡಿದು ಒಳಗೆ ಬಂದಳು. ‘ಏನ್ರೀ ಅಂದ್ರು?’ ಎಂದಳು.

‘ಊಟ ಆಯ್ತಾ ಅಂತ ಕೇಳಿದ್ರು.’

‘ಅಷ್ಟಕ್ಕೇ ಯಾಕ್ರೀ ಹಿಂಗೆ ಕೂತಿದೀರ?’ ಎಂದು ನನ್ನ ಮುಖವನ್ನೇ ನೋಡಿದಳು. ಎದ್ದು ಹೋಗಿ ಅವಳಿಗೂ ನನಗೂ ಊಟದ ತಟ್ಟೆ ಹಾಕಿದೆ.