ತುಂಬುವ ತನಕ ಹೊರಡದ ಟಂಟಂ

ಕುಷ್ಟಗಿಯಿಂದ ತಾವರಗೇರಾಕ್ಕೆ ಒಂದೇ ಟಂಟಂ ಆಟೋದಾಗ ಇಡೀ ಮದುವೆ ದಿಬ್ಬಣ, ಬಾಜಾದವರು, ಬೀಗರು ಕೊಟ್ಟ ಎಮ್ಮೆ, ಎಲ್ಲವನ್ನೂ ಒಯ್ದವನು ನಾನು. ಸಾಕ್ಷಿ ಕೇಳಬೇಡ್ರಿ. ತಡೆದು ನಿಲ್ಲಿಸಿದ ಪೊಲೀಸಪ್ಪ ತೀರಿಕೊಂಡ, ಟಂಟಂ ಗುಜರಿಗೆ ಹೋಯಿತು, ಎಮ್ಮೆಯೂ ಉಳಿದಿಲ್ಲ. ಇಂಥ ಅನುಭವಸ್ಥನ ಹತ್ತಿರ ಜನ ತಾವಾಗೇ ಬರುತ್ತಾರೆ, ಅವರ ಬೆನ್ನಿಗೆ ಫಜೀತಿಯೂ ಬರುತ್ತದೆ. ಈಚೆಗೆ ಬಂದವಳು ನನ್ನ ಮೊಮ್ಮಗಳು.

ಅವಳು ಗಂಗಾವತಿಯ ರೈಸ್ ಮಿಲ್ಲಿನ ಆಫೀಸ್ ಕೆಲಸ ಬಿಟ್ಟು, ಗೆಳತಿಯೊಬ್ಬಳ ಜೋಡಿ ಕುಷ್ಟಗಿಯ ನಮ್ಮ ಮನೆ ಮಾಳಿಗೆ ಮೇಲೆ ಟಂಟಂ ಓಡಿಸುವ ಮೊಬೈಲ್ ಗೇಮ್ ಮಾಡಲು ಕುಂತಳು. ಅದೇ ಮಿಲ್ಲಿನ ಮ್ಯಾನೇಜರ್ ಅವಳಪ್ಪ, ಅಂದರೆ ನನ್ನ ಮಗ. "ಆಟ ನಡೀಲಿಲ್ಲಂದ್ರ ಮತ್ತ ಮಿಲ್ಲಿಗೆ ಬಂದು ಕುಂದ್ರಬೇಕು" ಎಂದು ಅವನ ಕರಾರು. ಇವಳು "ಹೂಂ" ಅಂದುಬಿಟ್ಟಿದ್ದಳು.

ತೆಗ್ಗು

ಆಟದಲ್ಲಿ ಟಂಟಂ ಬೆಣ್ಣೆಯಂಥ ರಸ್ತೆಯ ಮೇಲೆ ಓಡುತ್ತಿತ್ತು.

"ಇದ್ಯಾವ ದೇಶದ ರಸ್ತಾ?" ಎಂದೆ.

"ನಮ್ಮ ತಾವರಗೇರಾ ರಸ್ತಾನ ಅಜ್ಜಾ."

"ತೆಗ್ಗು ಎಲ್ಲ್ಯವ?"

ಹುಡುಗಿಯರು ರಸ್ತೆ ತುಂಬ ತೆಗ್ಗು-ಗುಂಡಿ ಹಾಕಿದರು. ಮರುದಿನ ಗೆಳತಿ ಕೆಳಗಿಳಿದು ಬಂದಳು. "ತೆಗ್ಗು ಹಾಕಿದ ಮ್ಯಾಲ ಫೋನು ಬಿಸಿಯಾಗಿ ಬಂದ್ ಆಗಾಕತ್ತೈತ್ರಿ ಅಜ್ಜಾರ."

"ಹಂಗಾರ ಈಗ ಖರೇ ಟಂಟಂ ಆತು ನೋಡವಾ."

ಕುರಿ

ದಾರಿಗೆ ಕುರಿಹಿಂಡು ಅಡ್ಡ ಬಂದರೆ ಹಾರ್ನ್ ಹೊಡೆದು ಸರಿಸಬೇಕಂತೆ. ಕುರಿ ಹಾರ್ನಿಗೆ ಸರಿಯುವ ಜಾತಿಯಲ್ಲ, ಕುರುಬನನ್ನು ಮಾತಾಡಿಸಬೇಕು ಎಂದೆ. "ಅಣ್ಣಾರ, ಆರಾಮ ಅದೀರೇನ್ರಿ?" ಎನ್ನುವ ಬಟನ್ ಇಟ್ಟರು. ಆಡಿ ನೋಡಲು ಬಂದ ಗಿಣಿಗೇರಾದವನೊಬ್ಬ ಹಾರ್ನ್ ಹೊಡೆದದ್ದೇ ಹೊಡೆದದ್ದು. ಕಡೆಗೆ ಕೇಳಿದ, "ಅಕ್ಕಾರ, ಕುರಿ ಮಕ್ಕೊಂಡ್ವು. ಈಗೇನು ಒತ್ಲಿ?"

ಕಡೇ ಸೀಟು

ಇಷ್ಟಾದರೂ ಆಟದಲ್ಲಿ ಹೊಸದೇನಿಲ್ಲ ಎಂದು ಮೊಮ್ಮಗಳಿಗೆ ಕಳವಳ. ನಾನು ಹೇಳಿದೆ, "ಸೀಟು ತುಂಬೂತನಕ ಗಾಡಿ ಬಿಡಬ್ಯಾಡ."

ಅವಳು ಕುಣಿದೇಬಿಟ್ಟಳು. ಒಬ್ಬೊಬ್ಬರು ತಮ್ಮ ತಮ್ಮ ಫೋನಿನಿಂದ ಒಂದೊಂದು ಸೀಟು ಹಿಡಿಯಬೇಕು, ಎಲ್ಲ ತುಂಬಿದರೇ ಗಾಡಿ ಚಾಲೂ.

"ರಿಸ್ಕ್ ಭಾಳ ಐತ್ರಿ" ಎಂದಳು ಗೆಳತಿ.

"ಟಂಟಂ ಹತ್ತೂದ ರಿಸ್ಕು" ಎಂದೆ.

ಆಟ ಬಿಡುಗಡೆಯಾಯಿತು. ಜನ ಹತ್ತಿದರು, ಆದರೆ ಒಂದು ಸೀಟು ಖಾಲಿ. ಆಟದ ಡ್ರೈವರ್ ಒಂದೇ ಸಮ "ಇನ್ನೊಂದ ಸೀಟು, ಬರ್ರಿ ಬರ್ರಿ" ಎಂದು ಕೂಗುತ್ತಿದ್ದ. ದೂರದ ಊರಿನವರು "ಆಟ ಕೆಟ್ಟೈತಿ" ಎಂದು ಬೈದು ಇಳಿದರು. ಅವರ ಜಾಗಕ್ಕೆ ನಮ್ಮ ಕಡೆಯವರು ಹತ್ತಿದರು, ಇಳಿಯಲೇ ಇಲ್ಲ. ಒಳಗೇ ಹರಟೆ ಶುರು. "ಯಲಬುರ್ಗಾದವರೇನ್ರಿ? ಮಳಿ ಹೆಂಗೈತ್ರಿ? ಅಲ್ಲಿ ನಮ್ಮ ಬೀಗರು ಅದಾರ." ಆದರೂ ಆ ಕಡೇ ಸೀಟು ತುಂಬದೆ ಗಾಡಿ ಅಲ್ಲಾಡಲಿಲ್ಲ. ಮೊಮ್ಮಗಳು ತಲೆ ಹಿಡಿದುಕೊಂಡು, "ಮಿಲ್ಲ ಗತಿ ಅಜ್ಜಾ" ಎಂದಳು.

ಅಷ್ಟರಲ್ಲಿ ಕಡೇ ಸೀಟು ತುಂಬಿತು. ಗಾಡಿ ಹೊರಟಿತು. ಮಾಳಿಗೆ ಹಾರಿಹೋಗುವಂಥ ಕೇಕೆ. ಸಂಜೆ ಹೊತ್ತಿಗೆ ಆ ಹರಟೆಗೆಂದೇ ಜನ ಮುಗಿಬಿದ್ದರು. ಮಗ ಫೋನ್ ಮಾಡಿ, "ಆಕಿ ಅಲ್ಲೇ ಇರ್ಲಿ ಬಿಡ್ರಿ" ಎಂದ.

ಇದನ್ನು ಕಟ್ಟೆಯ ಮೇಲೆ ಓಣಿಯವರಿಗೆ ಹೇಳುತ್ತ, "ಆ ಕಡೇ ಸೀಟಿಗೆ ಕುಂತಾಂವ ನಾನ. ನಾ ಹತ್ತಿದ್ದ ತಡ, ಗಾಡಿ ಹೊಂಟ್ತು" ಎಂದೆ.

ಅಲ್ಲೇ ಶೇಂಗಾ ಒಡೆಯುತ್ತಿದ್ದ ನನ್ನ ಹೆಂಡತಿ ತಲೆ ಎತ್ತದೇ ಹೇಳಿದಳು, "ನಿಮ್ಮದು ಗುಂಡಿ ಒತ್ತೂ ಫೋನು. ಅದರಾಗ ಆಟ ಎಲ್ಲಿಂದ ಬರ್ಬೇಕು? ಆ ಸೀಟಿಗೆ ಕುಂತಾಂವ ನಿಮ್ಮ ಮಗ, ಮಿಲ್ಲಿನ್ಯಾಗ ಬಾಗಲಾ ಹಾಕ್ಕೊಂಡು. ನನ್ನ ಮುಂದ ಹೇಳ್ಯಾನ."

ಎಲ್ಲರೂ ನನ್ನ ಕಡೆ ನೋಡಿದರು. ನಾನು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡೆ.

"ಆಂವ ಯಾರ ಮಗ? ನನ್ನ ಮಗ ಹೌದಿಲ್ಲೋ?"