ಕೆಂಪು ಶಾಯಿಯ ಹಠ

ಯಾರಾದರೂ ನನಗೆ "ಬಿಡ್ರಿ, ಇದು ಆಗೋದಲ್ಲ" ಎಂದರೆ ಸಾಕು, ಅದುವರೆಗೆ ಬೇಡವಾಗಿದ್ದ ಕೆಲಸವೂ ಆ ಕ್ಷಣದಿಂದ ಪ್ರಾಣಕ್ಕಿಂತ ಹೆಚ್ಚಾಗಿಬಿಡುತ್ತದೆ. ಇದನ್ನು ನನ್ನ ಹೆಂಡತಿ ನೀಲಮ್ಮ ಮೊಂಡುತನ ಎನ್ನುತ್ತಾಳೆ. ನಾನು ವಿಜ್ಞಾನದ ಮಾಸ್ತರನಾದ್ದರಿಂದ ಪ್ರಯೋಗ ಎನ್ನುತ್ತೇನೆ. ಯುದ್ಧದ ದೆಸೆಯಿಂದ ರಾಯಚೂರಿನ ಅಂಗಡಿಗಳಲ್ಲಿ ಕೆಂಪು ಶಾಯಿ ಸಿಗದಂತಾದಾಗ, ಮಾನ್ವಿ ಕಡೆಯವರಾದ ನಮ್ಮ ಹೆಡ್‌ಮಾಸ್ತರರು ಪರೀಕ್ಷೆಯ ಪೇಪರುಗಳನ್ನು ಪೆನ್ಸಿಲಿನಲ್ಲೇ ತಿದ್ದಿರೆಂದು ಹುಕುಂ ಹೊರಡಿಸಿದರು. ಪೆನ್ಸಿಲಿನಲ್ಲಿ ತಿದ್ದಿದ ತಪ್ಪಿಗೆ ಯಾವ ಹುಡುಗ ಹೆದರುತ್ತಾನೆ? ಶಾಯಿಯನ್ನು ನಾನೇ ಮಾಡುತ್ತೇನೆ ಎಂದು ಎಲ್ಲರೆದುರು ಎದ್ದು ನಿಂತು ಹೇಳಿಬಿಟ್ಟೆ. ಹೆಡ್‌ಮಾಸ್ತರರು ಕನ್ನಡಕದ ಮೇಲಿಂದ ನನ್ನ ಹೊಟ್ಟೆಯನ್ನು ನೋಡಿದರು. "ಮಾಡ್ರಿ ಮಾಸ್ತರ. ಆಗಲಿಲ್ಲಂದ್ರ ವಿಜ್ಞಾನ ಬಿಟ್ಟು ಡ್ರಿಲ್ ಕ್ಲಾಸ್ ತಗೋಬೇಕು, ನೋಡ್ರಿ" ಎಂದರು.

ನನಗೆ ಧೈರ್ಯ ಬಂದಿದ್ದು ಮಸರಕಲ್ಲಿನ ಅತ್ತೆಯ ಮನೆಯಿಂದ. ಹಿಂದಿನ ವಾರವಷ್ಟೇ ಅಲ್ಲಿಗೆ ಹೋಗಿದ್ದಾಗ, ಅವರು ಮರೆತಿದ್ದ ಅನ್ನದ ಬುಟ್ಟಿಯಲ್ಲಿ ಬೂಷ್ಟು ಬೆಳೆದು ಅಗುಳೆಲ್ಲ ಕಡುಗೆಂಪಾಗಿತ್ತು. ತಿಪ್ಪೆಗೆ ಒಯ್ಯುತ್ತಿದ್ದ ಅತ್ತೆಯನ್ನು ಅಡ್ಡಗಟ್ಟಿ, ಒಂದು ಹಿಡಿ ಕೊಡಿ ಎಂದೆ. "ಹಳಸಿದ್ದು ಬ್ಯಾಡ್ರಿ ಅಳಿಯಂದ್ರ, ಬಿಸಿ ಅನ್ನ ಮಾಡೀನಿ" ಎನ್ನುತ್ತ ಅವರು ಕಣ್ಣಲ್ಲಿ ನೀರು ತಂದುಕೊಂಡರು. ತಿನ್ನಲಿಕ್ಕಲ್ಲ, ಹುಡುಗರಿಗೆ ತೋರಿಸಲಿಕ್ಕೆ ಎಂದು ನಂಬಿಸುವಷ್ಟರಲ್ಲಿ ಸಾಕುಬೇಕಾಯಿತು. ಎಲೆಯಲ್ಲಿ ಕಟ್ಟಿಕೊಂಡು ದೇವದುರ್ಗದಿಂದ ಮೋಟಾರು ಹಿಡಿದು ಊರಿಗೆ ತಂದಿದ್ದೆ.

ಹೆಚ್ಚು ನೀರಿದ್ದರೆ ಹೆಚ್ಚು ಶಾಯಿ ಎಂಬ ಲೆಕ್ಕದಲ್ಲಿ ಗಂಜಿಯಂಥ ಅನ್ನ ಬೇಯಿಸಿ, ಆರಿಸಿ, ಆ ಕೆಂಪು ಅಗುಳಲ್ಲಿ ಅರ್ಧ ಬೆರೆಸಿ, ಗಡಿಗೆಗೆ ತುಂಬಿ ಬಾಯಿಗೆ ಮಣ್ಣು ಮೆತ್ತಿದೆ. ವಾರವಾದರೂ ಬಣ್ಣ ಬರಲಿಲ್ಲ, ವಾಸನೆ ಬಂತು. ವಾಸನೆಯ ಹಿಂದೆಯೇ ಆಬಕಾರಿ ಜವಾನ ಬಂದ. ಲಿಂಗ ಕಟ್ಟಿದವರ ಮನೆಯಲ್ಲಿ ಹೆಂಡವೆಂದರೆ ಕೇಳಬೇಕೆ, ಓಣಿಗೆ ಓಣಿಯೇ ಬಾಗಿಲಿಗೆ ಬಂದು ನಿಂತಿತು. "ಶಾಯಿ ಅಪ್ಪಾ ಇದು" ಎಂದೆ, ಎದೆ ಸೆಟೆಸಿ. ಅವನು ಬೆರಳದ್ದಿ ಮೂಸಿದ. "ಇಂಥಾ ಶಾಯಿ ಬಾಳ ಮನ್ಯಾಗ ಹಿಡಿದೀನ್ರಿ ಮಾಸ್ತರ" ಎಂದು ಗಡಿಗೆಯನ್ನು ಗಟಾರಕ್ಕೆ ಬೋರಲು ಹಾಕಿ ಹೋದ. ನಾಚಿಕೆಯಿಂದ ನೆಲ ಬಿರಿಯಬಾರದೇ ಎನ್ನಿಸಿತು. ಆದರೆ ಬಿಡಲಿಲ್ಲ. ಉಳಿದಿದ್ದ ಅಗುಳನ್ನು ಅನ್ನದ ಜೊತೆ ಗಾಜಿನ ಶೀಶೆಗೆ ಹಾಕಿ, ಬಿರಡೆ ಬಿಗಿದು, ಓಣಿಯವರೆಲ್ಲ ನೋಡಲೆಂದೇ ಬೀದಿಯ ಕಿಟಕಿಯಲ್ಲಿಟ್ಟೆ. ರಾಯಚೂರಿನ ಬಿಸಿಲಿಗೆ ಬೂಷ್ಟು ಬೆಳ್ಳಗೆ ಮುನಿಸಿಕೊಂಡು ಕೂತಿತು.

ಇದನ್ನು ನೋಡಿ ನೀಲಮ್ಮ ಸೆರಗು ಸಿಕ್ಕಿಸಿ ಎದ್ದಳು. "ನಮ್ಮವ್ವ ಬಿಸಿಲಾಗ ಇಟ್ಟಿದ್ಲೇನ್ರಿ? ಬಾಯಿ ಬಿಗಿದಿದ್ಲೇನು? ಉಸಿರು ಕಟ್ಟಿದ್ರ ಯಾವ ಜೀವ ಬಣ್ಣ ಕೊಡ್ತದ?" ಎಂದಳು. ಉದುರುದುರಾಗಿ ಅನ್ನ ಮಾಡಿ, ತುಸು ಬೇಳೆಕಟ್ಟು ಚಿಮುಕಿಸಿ, ಶೀಶೆಯ ಬೂಷ್ಟು ಬೆರೆಸಿ, ಬುಟ್ಟಿಯಲ್ಲಿ ತೆಳ್ಳಗೆ ಹರವಿ, ಒದ್ದೆ ಬಟ್ಟೆ ಮುಚ್ಚಿ, ನೀರಿನ ಕೊಡಗಳ ಪಕ್ಕದ ಕತ್ತಲ ಮೂಲೆಯಲ್ಲಿಟ್ಟಳು. ಹತ್ತು ದಿನಕ್ಕೆ ಬುಟ್ಟಿಯೆಲ್ಲ ಕೆಂಪು. ತೇವ, ಗಾಳಿ, ಬೆಳಕು, ಆಹಾರ ಎಂದು ಅದನ್ನೆಲ್ಲ ನೋಟುಬುಕ್ಕಿನಲ್ಲಿ ನನ್ನ ಹೆಸರಿನ ಕೆಳಗೆ ಬರೆದುಕೊಂಡೆ. ಅಗುಳನ್ನು ಶಾಲೆಯ ಪ್ರಯೋಗದ ದೀಪದ ಸ್ಪಿರಿಟ್ಟಿನಲ್ಲಿ ನೆನೆಸಿ, ಸೋಸಿ, ಜಾಲಿಯ ಅಂಟು ಕೂಡಿಸಿ ದೌತಿಗೆ ತುಂಬಿದೆ.

ಒಂದು ಕಂತೆ ಪೇಪರನ್ನು ಮನದಣಿಯೆ ತಿದ್ದಿದೆ. ಅಂಟು ಬೇಗ ಒಣಗದ್ದರಿಂದ ಶಾಲೆಯ ಅಂಗಳದಲ್ಲಿ ಹರವಿ ಮೇಲೆ ಕಲ್ಲಿಟ್ಟೆ. ಸಂಜೆ ಹೆಡ್‌ಮಾಸ್ತರರು ಕಂತೆ ಬಿಚ್ಚಿದರೆ ಅಲ್ಲಲ್ಲಿ ಮಾಸಲು ಕಲೆ ಬಿಟ್ಟು ಏನೂ ಇಲ್ಲ. ಬೆಳೆಯುವಾಗ ಬಿಸಿಲು ಒಗ್ಗದ ಬಣ್ಣ ಬೆಳೆದ ಮೇಲೂ ಬಿಸಿಲು ತಾಳದೆಂದು ನನಗೆ ಹೊಳೆದಿರಲಿಲ್ಲ. "ನಿಮ್ಮ ಹುಡುಗ್ರು ಬಾಳ ಶಾಣ್ಯಾರು ಬಿಡ್ರಿ, ಒಂದೂ ತಪ್ಪು ಮಾಡಿಲ್ಲ" ಎಂದು ಅವರು ಡ್ರಿಲ್ಲಿನ ಸೀಟಿಯನ್ನು ನನ್ನ ಮುಂದಿಟ್ಟರು. "ಶಾಯಿ ಆಗಿತ್ತಲ್ರೀ ಸಾಹೇಬ್ರ. ತಪ್ಪು ಬಿಸಿಲಿಂದು" ಎಂದೆ. ಅದನ್ನು ಅವರು ಒಪ್ಪಿದರು. ಸೀಟಿ ಮಾತ್ರ ವಾಪಸು ತೆಗೆದುಕೊಳ್ಳಲಿಲ್ಲ.

ಸೀಟಿಯ ಜೊತೆ ಡ್ರಿಲ್ ಸಾಮಾನಿನ ಕೋಣೆಯ ಬೀಗದ ಕೈಯೂ ಬಂತು. ಒಳಗೆ ಕತ್ತಲು, ಜಾಲಂದ್ರದಿಂದ ಸಣ್ಣಗೆ ಗಾಳಿ, ಯಾರ ಕಾಟವೂ ಇಲ್ಲ. ಮರುದಿನವೇ ಲೇಜಿಮುಗಳ ಹಿಂದೆ ಹೊಸ ಬುಟ್ಟಿ ಇಟ್ಟೆ. ಬಿಸಿಲಿಗೆ ಬಗ್ಗದ ಕೆಂಪು ಸಿಗುವವರೆಗೆ ನಾನು ಬಿಡುವವನಲ್ಲ. ಬೂಷ್ಟು ಒಳಗೆ ನೆರಳಲ್ಲಿ ತಣ್ಣಗೆ ಕೂತು ಬಣ್ಣ ಕಟ್ಟುತ್ತಿದೆ. ಅದಕ್ಕೆ ಇಷ್ಟೆಲ್ಲ ಅನುಕೂಲ ಮಾಡಿಕೊಟ್ಟ ನಾನು ಮಟಮಟ ಮಧ್ಯಾಹ್ನದ ಮೈದಾನದಲ್ಲಿ ಸೀಟಿ ಊದುತ್ತ ಕೈಕಾಲು ಎತ್ತುತ್ತಿದ್ದೇನೆ.