ಹನ್ನೊಂದನೆಯ ಕಂಬಳಿ

ಯಲ್ಲೇಶನ ಬೆನ್ನು ಆ ಕಂಬಳಿಗೆ ತಾಗಿದ್ದು ಹೆಚ್ಚೆಂದರೆ ಹತ್ತು ನಿಮಿಷ. ಇಚಲಕರಂಜಿಯ ಮಗ್ಗದ ಶೆಡ್ಡಿನಲ್ಲಿ ರಾತ್ರಿ ಪಾಳಿ ಮುಗಿಸಿ ಬಂದವನು ಅಂಗಿ ಕೂಡ ಬಿಚ್ಚದೆ ಮಂಚದ ಮೇಲೆ ಒರಗಿಬಿಟ್ಟಿದ್ದ. ಎದ್ದು ನೋಡಿದರೆ ಮಡಚಿಟ್ಟಿದ್ದ ಕಂಬಳಿಯ ಮೇಲೆ ಅಂಗೈ ಅಗಲ ಎಣ್ಣೆ. ಕರಿ ಕಂಬಳಿಯಲ್ಲಿ ಕಲೆ ಯಾರಿಗೆ ಕಾಣುತ್ತದೆ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು, ಮೂಗು ಬಿಡಬೇಕಲ್ಲ! ಮಗ್ಗದ ಎಣ್ಣೆಯ ವಾಸನೆ ಹೊಸ್ತಿಲಲ್ಲೇ ನಿಂತು ಬಂದವರಿಗೆಲ್ಲ ಸುದ್ದಿ ಹೇಳುವಂತಿತ್ತು.

ಬೇರೆ ದಿನವಾಗಿದ್ದರೆ ಮಗ್ಗುಲು ಬದಲಿಸಿ ಮಲಗುತ್ತಿದ್ದ. ಆದರೆ ಇವತ್ತು ಸಂಜೆ ಐದರ ಬಸ್ಸಿಗೆ ಮಾವ ಧೋಂಡಿಬಾ ಬರುವವನಿದ್ದ, ಅದೂ ಈ ಕಂಬಳಿಗಾಗಿಯೇ. ಮಾವನ ಊರಾದ ನೂಲದಲ್ಲಿ ಅವರ ಮನೆತನದ್ದೊಂದು ಪದ್ಧತಿ. ವರ್ಷಕ್ಕೊಮ್ಮೆ ಹತ್ತು ಮನೆಗಳ ಹತ್ತು ಕಂಬಳಿ ತಂದು ಒಂದರ ಮೇಲೊಂದು ಹಾಸುತ್ತಾರೆ. ಆ ಹತ್ತರಲ್ಲಿ ಎಲ್ಲಕ್ಕಿಂತ ಮೇಲಿನದು ಮುತ್ತಜ್ಜನ ಕಾಲದ ದೇವರ ಕಂಬಳಿ. ಆ ಗದ್ದುಗೆಯ ಮೇಲೆ ದೇವರನ್ನು ಕೂಡಿಸಿ ಭಂಡಾರದ ಅರಿಶಿನ ಹಾರಿಸುತ್ತಾರೆ. ಅಳಿಯಂದಿರ ಮನೆಯ ಕಂಬಳಿಗೆ ಅಲ್ಲಿ ಜಾಗವಿಲ್ಲ. ಮದುವೆಯಾದ ಹನ್ನೊಂದು ವರ್ಷವೂ ಯಲ್ಲೇಶ ಮೂಲೆಯಲ್ಲಿ ನಿಂತು ಪ್ರಸಾದ ತಿಂದು ಬಂದಿದ್ದ. ಈ ವರ್ಷ ಹೆಂಡತಿ ಸಾವಕ್ಕ ಅಪ್ಪನ ಬೆನ್ನು ಬಿದ್ದು ಒಪ್ಪಿಸಿದ್ದಳು. ಮಾವನೇ ಮದುವೆಯಲ್ಲಿ ಹೊದಿಸಿದ್ದ ಈ ಕಂಬಳಿ ನಾಳೆ ಗದ್ದುಗೆಗೆ ಹೋಗಬೇಕು, ಹನ್ನೊಂದನೆಯದಾಗಿ.

ಅಪ್ಪ ಕೊಲ್ಹಾಪುರದಲ್ಲಿ ತಂಗಿ ದೀಪಾಲಿಯ ಮನೆಗೆ ಬಂದಿಳಿಯುವವನಿದ್ದ. ಬೆಳಿಗ್ಗೆ ಅವನನ್ನು ಕರೆತರಲು ಹೊರಟಾಗ ಸಾವಕ್ಕ ಬಾಗಿಲಲ್ಲಿ ನಿಂತು ಎರಡು ಸಲ ಹೇಳಿ ಹೋಗಿದ್ದಳು.

"ಕಂಬಳಿ ಮಡಚಿ ಇಟ್ಟೇನ್ರಿ. ಅದರ ತಂಟೆಗೆ ಹೋಗಬ್ಯಾಡ್ರಿ. ನನ್ನ ಮಶೀನಿನ ತಂಟೆಗೂ ಹೋಗಬ್ಯಾಡ್ರಿ."

ಈಗ ಮೊದಲನೆಯದರ ತಂಟೆಗೆ ಹೋಗಿಯಾಗಿತ್ತು. ಅದನ್ನು ಮುಚ್ಚಿಹಾಕಲು ಎರಡನೆಯದರ ತಂಟೆಗೂ ಹೋಗಬೇಕಾಯಿತು.

ಅಂಜುವಂಥದ್ದೇನೂ ಇಲ್ಲ ಎಂದು ಯಲ್ಲೇಶ ತನಗೆ ತಾನೇ ಹೇಳಿಕೊಂಡ. ಅವನು ಜಾಬರ್, ಮಗ್ಗ ಕೆಟ್ಟರೆ ಸರಿಪಡಿಸುವವನು. ಶಾಂತಿನಾಥ ಮಾಲಕರ ಶೆಡ್ಡಿನಲ್ಲಿ ಇಪ್ಪತ್ನಾಲ್ಕು ಮಗ್ಗ ಅವನ ಕೈಯ ಮೇಲೆ ನಡೆಯುತ್ತವೆ. ಕಿವಿ ಕೊಟ್ಟರೆ ಸಾಕು, ಯಾವ ಮಗ್ಗದ ಯಾವ ನಟ್ಟು ಸಡಿಲ ಎಂದು ಹೇಳುತ್ತಾನೆ. ಅಂಥವನಿಗೆ ಒಂದು ಬಟ್ಟೆ ತೊಳೆಯುವ ಡಬ್ಬಿ ಯಾವ ಲೆಕ್ಕ! ಕಂಬಳಿಯನ್ನು ಒಳಗೆ ತುರುಕಿದ, ಮುಂದಿನ ಗಾಜಿನ ಬಾಗಿಲನ್ನು ಮೊಣಕಾಲಿನಿಂದ ಒತ್ತಿ ಮುಚ್ಚಿದ, ಎಣ್ಣೆ ಹೋಗಬೇಕೆಂದು ಎಲ್ಲಕ್ಕಿಂತ ಹೆಚ್ಚು ಬಿಸಿನೀರಿನ ಗುಂಡಿ ಒತ್ತಿದ.

ಒಂದು ತಾಸು ಚೆನ್ನಾಗಿಯೇ ತಿರುಗಿತು. ಆಮೇಲೆ ಮಶೀನು ಹೊಟ್ಟೆ ನೋವು ಬಂದವರಂತೆ ನರಳಿ, ಗಡಗಡ ನಡುಗಿ, ನಿಂತೇಬಿಟ್ಟಿತು. ಗಾಜಿನ ಅರ್ಧದವರೆಗೆ ಕರಿ ನೀರು. ಬಾಗಿಲು ಜಗ್ಗಿದ, ಅಲುಗಾಡಲಿಲ್ಲ. ಗೋಡೆಯ ಗಡಿಯಾರದಲ್ಲಿ ಹನ್ನೊಂದೂವರೆ.

ಮೊದಲು ಸ್ಕ್ರೂಡ್ರೈವರಿನ ತುದಿಯನ್ನು ಮಶೀನಿಗಿಟ್ಟು ಹಿಡಿಕೆಯನ್ನು ಕಿವಿಗೆ ಹಚ್ಚಿ ಕೇಳಿದ. ಏನೂ ಕೇಳಲಿಲ್ಲ. ಸುತ್ತಿಗೆಯಿಂದ ಮೆಲ್ಲಗೆ ನಾಲ್ಕು ಬಡಿದ. ಮಗ್ಗ ನಡುಗಿದರೆ ಭಾರ ಹೇರಬೇಕು ಎಂಬುದು ಶೆಡ್ಡಿನ ವಿದ್ಯೆ. ಒಳಕಲ್ಲಿನ ಗುಂಡು ತಂದು ಮೇಲಿಟ್ಟ. ಬಾಗಿಲಿನ ಸಂದಿಗೆ ಎರಡು ಹನಿ ಮಗ್ಗದ ಎಣ್ಣೆಯನ್ನೂ ಬಿಟ್ಟ. ಯಾವ ಎಣ್ಣೆ ತೆಗೆಯಲು ಹೊರಟಿದ್ದನೋ ಅದನ್ನೇ ಮತ್ತೆ ಬಿಡುತ್ತಿದ್ದೇನೆ ಎಂಬುದು ಅವನಿಗೆ ಆಮೇಲೆ ಹೊಳೆಯಿತು.

ಕಂಪನಿಗೆ ಫೋನು ಹಚ್ಚಿದ. ಹದಿನೈದು ನಿಮಿಷ ಹಾಡು ಕೇಳಿಸಿದ ಮೇಲೆ ಒಬ್ಬ ಹುಡುಗಿ ಮರಾಠಿಯಲ್ಲಿ ಒಳಗೆ ಏನು ಹಾಕಿದ್ದೀರಿ ಎಂದು ಕೇಳಿದಳು.

"ಕಪಡೇ," ಅಂದ ಯಲ್ಲೇಶ. ಬಟ್ಟೆ.

ಉಣ್ಣೆಯದು ಏನಾದರೂ ಇದೆಯೇ ಎಂದು ಕೇಳಿದಳು. ಇಲ್ಲವೇ ಇಲ್ಲ ಎಂದು ಆಣೆ ಮಾಡುವಂತೆ ಹೇಳಿದ. ಮೂರು ದಿನದಲ್ಲಿ ಮಿಸ್ತ್ರಿ ಬರುತ್ತಾನೆ ಎಂದು ಹೇಳಿ ಅವಳು ಫೋನಿಟ್ಟಳು.

ಸುತ್ತಿಗೆಯ ಸದ್ದಿಗೆ ಪಕ್ಕದ ಮನೆಯ ಉಜ್ವಲಾ ಬಂದು ಬಾಗಿಲಲ್ಲಿ ನಿಂತಿದ್ದಳು. ಗಲ್ಲಿಯಲ್ಲಿ ಯಾರ ಮನೆಯ ಹಾಲು ಉಕ್ಕಿದರೂ ಮೊದಲು ಗೊತ್ತಾಗುವುದು ಅವಳಿಗೆ.

"ಕಾಯ್ ಝಾಲಂ ಭಾವುಜಿ, ಏನಾತ್ರಿ? ಸಾವಕ್ಕಾ ಇಲ್ಲೇನ್ರಿ?"

"ಏನೂ ಇಲ್ರಿ ವಹಿನಿ. ಸಣ್ಣ ಕೆಲಸ."

ಉಜ್ವಲಾ ಬಗ್ಗಿ ಗಾಜಿನೊಳಗೆ ನೋಡಿದಳು. ಕರಿ ನೀರಿನಲ್ಲಿ ಕರಿ ಉಣ್ಣೆಯ ದೊಡ್ಡ ಗಂಟು ಮೆಲ್ಲಗೆ ಮಗ್ಗುಲಾಯಿತು.

"ಅಗ ಬಾಯೀ! ಒಳಗ ಏನೈತ್ರಿ ಅದು? ಕುರಿಮರಿ?"

"ಛೇ! ಕುರಿ ಯಾರರ ಮಶೀನಿಗೆ ಹಾಕ್ತಾರೇನ್ರಿ?"

"ಮತ್ತ ಏನೈತಿ, ಹೇಳ್ರಿ?"

ಕಂಬಳಿ ಎಂದು ಹೇಳಿದರೆ ಸಂಜೆ ಐದಕ್ಕೆ ಬಸ್‌ಸ್ಟ್ಯಾಂಡಿನಲ್ಲಿಯೇ ಅದು ಸಾವಕ್ಕನ ಕಿವಿಗೆ ಬೀಳುತ್ತದೆ. ಯಲ್ಲೇಶ ಬಾಯಿ ಮುಚ್ಚಿಕೊಂಡ. ಅವನು ಮಾಡಿದ ತಪ್ಪುಗಳಲ್ಲಿ ಇದೇ ದೊಡ್ಡದು. ಕುರಿ ಕಾಯುವ ಧನಗರರ ಮನೆ, ಮಾವನಿಗೆ ನೂರಾರು ಕುರಿ, ಒಳಗೆ ಕರಿ ಉಣ್ಣೆ, ಕೇಳಿದರೆ ಮಾತಿಲ್ಲ! ಉಜ್ವಲಾ ಒಂದಕ್ಕೊಂದು ಕೂಡಿಸಿಕೊಂಡು ಹೊರಗೆ ಓಡಿದಳು.

ಒಂದು ಗಂಟೆಯ ಹೊತ್ತಿಗೆ ಅಂಗಳದ ತುಂಬ ಜನ. ಎದುರು ಮನೆಯ ಅಮರ ಮೊಬೈಲು ಎತ್ತಿ ಹಿಡಿದು, "ಕಾಕಾ, ಸ್ವಲ್ಪ ಬಾಜೂಕ ಸರೀರಿ, ಕುರಿ ಕಾಣವಲ್ದು," ಅನ್ನತೊಡಗಿದ. ಮಂಗಲ ಎಂಬಾಕೆ ಅದಕ್ಕೆ ಇನ್ನೂ ಉಸಿರಿದೆ ಎಂದಳು. ತಾನು ಕಾಲು ಆಡಿಸಿದ್ದನ್ನು ಕಣ್ಣಾರೆ ನೋಡಿದ್ದೇನೆ ಎಂದಳು. ಯಲ್ಲೇಶ ಗಾಜಿಗೆ ಬೆನ್ನು ಕೊಟ್ಟು ಕೂತು, ಕುರಿ ಅಲ್ಲ, ಕುರಿ ಅಲ್ಲ ಎಂದು ಬೇಡಿಕೊಳ್ಳುತ್ತಿದ್ದ. ಕಣ್ಣೆಲ್ಲ ಗಡಿಯಾರದ ಮೇಲೆ.

ಅಷ್ಟರಲ್ಲಿ ಜನ ದಾರಿ ಬಿಟ್ಟರು. ಮಾಲಕ ಶಾಂತಿನಾಥರೇ ಬಂದಿದ್ದರು. ಇರುವೆ ಕಂಡರೆ ಕಾಲು ಸುತ್ತಿಸಿ ಇಡುವ ಜೈನ ಮನುಷ್ಯ. ಬೆವರಿ ಮುಖ ಬಿಳಿಚಿಕೊಂಡಿತ್ತು.

"ಯಲ್ಲೇಶಾ, ನನ್ನ ಶೆಡ್ಡಿನ ಮನಷ್ಯಾ ನೀನು! ಜೀವಾ ನೀರಾಗ ಮುಳಗಿಸಿ ಕುಂತೀಯಲ್ಲೋ! ಮದ್ಲ ಬಾಗಲಾ ತಗಿ!"

"ಮಾಲಕರ, ದೇವರಾಣಿ, ಒಳಗ ಜೀವಾ ಇಲ್ರಿ!"

"ಹೋತಾ?" ಅಂದವರೇ ಶಾಂತಿನಾಥರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಕಟ್ಟೆಯ ಮೇಲೆ ಕುಸಿದರು. ಉಜ್ವಲಾ ನೀರು ತರಲು ಓಡಿದಳು.

ಇನ್ನು ತೆಗೆಯದೆ ಗತಿಯಿರಲಿಲ್ಲ. ಯಲ್ಲೇಶ ನೆಲಕ್ಕೆ ಮಲಗಿ ಮಶೀನಿನ ಕೆಳಗೆ ನೋಡಿದ. ಮೂಲೆಯಲ್ಲೊಂದು ಸಣ್ಣ ಮುಚ್ಚಳ. ಅದರ ಹಿಂದೆ ತಿರುಗಿಸುವ ಬಿರಡೆ. ಮಗ್ಗದಲ್ಲಿ ಹತ್ತಿ ಸಿಕ್ಕಿಕೊಂಡರೆ ತೆಗೆಯುವುದು ಹೇಗೋ ಹಾಗೆ ಬೆರಳು ಹಾಕಿ ಬಲವಾಗಿ ತಿರುಗಿಸಿದ. ಭಸ್ ಎಂದು ನೀರು ನುಗ್ಗಿತು. ಅಡುಗೆಮನೆ ದಾಟಿ, ಹೊಸ್ತಿಲು ದಾಟಿ, ಮಾಲಕರ ಬಿಳಿ ಪಾಯಿಜಾಮ ನೆನೆಸಿ ಗಲ್ಲಿಗೆ ಹರಿಯಿತು. ಬಿರಡೆಯ ಜೊತೆ ಹೊರಬಂದದ್ದು ಇಲಿ ಗಾತ್ರದ ಉಣ್ಣೆಯ ಉಂಡೆ. ನೀರು ಹೋಗುವ ದಾರಿಗೆ ಅದೇ ಅಡ್ಡ ಕೂತಿತ್ತು. ನೀರು ಬಸಿದ ಮೇಲೆ ಬಾಗಿಲು ತಾನಾಗಿ ಟಕ್ ಅಂದಿತು.

ಯಲ್ಲೇಶ ಕೈ ಹಾಕಿ ಹಸಿ ಗಂಟನ್ನು ಎಳೆದು ಎಲ್ಲರಿಗೂ ಕಾಣುವಂತೆ ಎತ್ತಿದ.

"ನೋಡ್ರಿ! ತಲಿ ಐತೇನು? ಕಾಲ ಅದಾವೇನು? ಕಂಬಳಿ ಇದು, ಕಂಬಳಿ!"

ಶಾಂತಿನಾಥರು ಕೈ ಮುಗಿದು ನಿಟ್ಟುಸಿರು ಬಿಟ್ಟರು. ಅಮರ ನಿರಾಸೆಯಿಂದ ಮೊಬೈಲು ಜೇಬಿಗಿಟ್ಟ. ಮಂಗಲ ಮಾತ್ರ ಕಾಲು ಆಡಿದ್ದು ಸುಳ್ಳಲ್ಲ ಎನ್ನುತ್ತ ಹೋದಳು. ಜನ ಚದುರಿದ ಮೇಲೆ ಯಲ್ಲೇಶ ಒಳಗೆ ಹೋಗಿ, ಬಾಗಿಲು ಹಾಕಿ, ಕಂಬಳಿಯನ್ನು ಹಾಸಿ ನೋಡಿದ.

ಕಂಬಳಿ ಅಲ್ಲಿರಲಿಲ್ಲ. ಇದ್ದದ್ದು ಒಬ್ಬರು ಕೂತು ಉಣ್ಣುವ ಮಣೆಗೆ ಹಾಸುವಷ್ಟು ಅಗಲದ, ಭಾಕರಿಯಂತೆ ದಪ್ಪಗಾದ ಒಂದು ಕರಿ ತುಂಡು. ಜಗ್ಗಿದ, ಹಿಗ್ಗಲಿಲ್ಲ. ಕಾಲಲ್ಲಿ ಮೆಟ್ಟಿ ಜಗ್ಗಿದ. ತಾನೇ ಹಿಂದಕ್ಕೆ ಬಿದ್ದ. ಬಿದ್ದಲ್ಲಿಯೇ ಅವನಿಗೆ ಅಳು ಬಂತು. ಕುರಿಯೇ ಆಗಿದ್ದರೂ ಚಲೋ ಇತ್ತು, ಮಾವನಿಗೆ ಇನ್ನೊಂದು ಕುರಿ ತಂದು ಕೊಡಬಹುದಿತ್ತು. ಹನ್ನೊಂದು ವರ್ಷಕ್ಕೆ ಸಿಕ್ಕ ಮರ್ಯಾದೆಯನ್ನು ತಾನೇ ಬಿಸಿನೀರಲ್ಲಿ ಕುದಿಸಿಬಿಟ್ಟಿದ್ದ.

ಮೂರು ಗಂಟೆಗೆ ಅವನು ಹಿಂದಿನ ಗಲ್ಲಿಯ ರಾಯವ್ವನ ಮನೆಯಲ್ಲಿದ್ದ. ಆಕೆಯೂ ನೂಲದ ಕಡೆಯವಳೇ, ಅವಳ ಮನೆಯಲ್ಲಿದ್ದುದೂ ಅದೇ ಕಡೆ ನೇಯ್ದ ಕರಿ ಕಂಬಳಿಯೇ. ಯಲ್ಲೇಶ ಏನನ್ನೂ ಮುಚ್ಚಿಡದೆ ಹೇಳಿ ಮುದುಕಿಯ ಕಾಲು ಹಿಡಿದ.

"ಏಳೋ ತಮ್ಮಾ, ಏಳು," ಅಂದಳು ರಾಯವ್ವ. "ನಮ್ಮ ಯಜಮಾನ್ರು ಹೊದ್ಕೊಳ್ತಿದ್ದದ್ದು ಇದು. ಮನ್ನೆ ಹೊಳ್ಯಾಗ ನಾನ ಕೈಯಾರೆ ಒಗದು ಬಿಸಲಿಗೆ ಹಾಕಿದ್ದೆ. ಪೂಜಿ ಮುಗದ ಮ್ಯಾಲ ಮರತು ಕುಂತಿ ಅಂದ್ರ ನಿನ್ನ ಮನೀಗೆ ಬಂದು ಬಾಯಿ ಮಾಡ್ತೀನಿ ನೋಡು."

ಮನೆಗೆ ಓಡಿ ಬಂದು ಮಶೀನಿನ ಬಿರಡೆಯನ್ನು ಮತ್ತೆ ತಿರುಗಿಸಿ ಹಾಕಿ ನೆಲ ಒರೆಸಿದ. ಕರಿ ತುಂಡನ್ನು ಹತ್ಯಾರಗಳ ಚೀಲದ ತಳಕ್ಕೆ ತುರುಕಿದ. ಒಳಕಲ್ಲಿನ ಗುಂಡನ್ನು ಅದರ ಜಾಗಕ್ಕೆ ಹೊತ್ತೊಯ್ದ. ರಾಯವ್ವನ ಕಂಬಳಿಯನ್ನು ಮಂಚದ ಮೇಲೆ ಸಾವಕ್ಕ ಮಡಚಿದ ಹಾಗೆಯೇ ಮಡಚಿಟ್ಟು ಉಸಿರು ಬಿಡುವಷ್ಟರಲ್ಲಿ ಹೊರಗೆ ರಿಕ್ಷಾ ನಿಂತಿತು.

ಮೊದಲು ಸಾವಕ್ಕ ಬಂದಳು. ಅವಳ ಹಿಂದೆ ಕೆಂಪು ರುಮಾಲಿನ ಧೋಂಡಿಬಾ, ಬೆನ್ನ ಮೇಲೆ ತನ್ನಷ್ಟೇ ದೊಡ್ಡ ಗಂಟು. ಚಂದಗಡದಿಂದ ಹಿಡಿದು ಬಿದ್ರಿವರೆಗೆ ಮನೆ ಮನೆ ತಿರುಗಿ ಹತ್ತೂ ಕಂಬಳಿ ಕೂಡಿಸಿ ತಂದಿದ್ದ. ಗಂಟು ಇಳಿಸಿ, ಚಹಾ ಕೂಡ ಬೇಡವೆಂದು, ನೇರ ಮಂಚದ ಹತ್ತಿರ ಹೋದ. ಕಂಬಳಿಯ ಅಂಚು ಹಿಡಿದು ಉಜ್ಜಿದ. ಮೂಗಿಗೆ ಹಿಡಿದ. ಯಲ್ಲೇಶ ಹತ್ಯಾರಗಳ ಚೀಲವನ್ನು ಕಾಲಿನಿಂದ ಮಂಚದ ಕೆಳಗೆ ತಳ್ಳಿದ.

"ಅಳಿಯಂದ್ರ," ಅಂದ ಧೋಂಡಿಬಾ.

"ರೀ, ಮಾವಾರ?"

"ಹನ್ನೊಂದ ವರ್ಷ ಹೊದ್ದ ಕಂಬಳಿ ಅಲ್ಲೇನಿದು? ಎಷ್ಟ ಮೆತ್ತಗ ಐತಿ! ಏನ ವಾಸನಿ ಇಲ್ಲ, ಒಂದ ಮುಳ್ಳ ಇಲ್ಲ. ಹೆಂಗ ತೊಳದೀರಿ?"

ಹೊಳೆಯಲ್ಲಿ ಎಂದು ಯಲ್ಲೇಶ ಹೇಳಹೊರಟಿದ್ದ. ಮಾಲಕರಿಗೆ ನೀರು ಕೊಟ್ಟ ತಂಬಿಗೆ ಮರಳಿ ಒಯ್ಯಲೆಂದು ಬಂದ ಉಜ್ವಲಾ ಬಾಗಿಲಲ್ಲಿಯೇ ಹೇಳಿದಳು:

"ಮಶೀನಿನಾಗ ತೊಳದಾರ್ರಿ ಬಾಬಾ! ಇಡೀ ಗಲ್ಲಿ ನಿಂತು ನೋಡೈತಿ!"

ಸಾವಕ್ಕ ಗಂಡನ ಕಡೆ ತಿರುಗಿದಳು. ಬೈಗುಳ ಬರುತ್ತದೆ ಎಂದು ಅವನು ಕಣ್ಣು ಮುಚ್ಚಿದ. ಬರಲಿಲ್ಲ. ಅವಳ ಮುಖ ಹಿಗ್ಗಿನಿಂದ ಅರಳಿತ್ತು.

"ಕೇಳಿದ್ಯಾ ಯಪ್ಪಾ? ನಿನ್ನ ಪೂಜಿ ಸಂಬಂಧ ರಾತ್ರಿ ಪಾಳಿ ಮಾಡಿ ಬಂದು ತೊಳದಾರ ನೋಡು."

ಧೋಂಡಿಬಾನ ಕಣ್ಣಲ್ಲಿ ನೀರಾಡಿತು. "ಇಷ್ಟ ವರ್ಷ ನಿಮ್ಮನ್ನ ಮೂಲ್ಯಾಗ ನಿಂದರಿಸಿದ್ನಲ್ರಿ ಅಳಿಯಂದ್ರ. ತಪ್ಪಾತು. ನೋಡ್ರಿ, ಹತ್ತ ಕಂಬಳಿ ಒಗ್ಯಾಕ ನನ್ನ ನಡಾ ಈಗ ತಡಿಯಾಂಗಿಲ್ಲ. ಇವನ್ನೂ ನಿಮ್ಮ ಕೈಲೇ ಹಾಕ್ರಿ."

"ಮಾವಾರ, ಮಶೀನ ಕೆಟ್ಟೈತ್ರಿ! ಪೂರಾ ಕೆಟ್ಟೈತಿ!"

ಅಷ್ಟರಲ್ಲಿ ಸಾವಕ್ಕ ಗುಂಡಿ ಒತ್ತಿಯೇ ಬಿಟ್ಟಿದ್ದಳು. ಉಣ್ಣೆಯ ಉಂಡೆ ತೆಗೆದ ಮಶೀನು ಹೊಸದರಂತೆ ದೀಪ ಹೊತ್ತಿಸಿಕೊಂಡು ಗುಂಯ್ ಅಂದಿತು.

"ಎಲ್ಲಿ ಕೆಟ್ಟೈತ್ರಿ? ಎಷ್ಟ ಛಂದ ರಿಪೇರಿ ಮಾಡೀರಿ!" ಅಂದಳು ಸಾವಕ್ಕ.

ಧೋಂಡಿಬಾ ಗಂಟು ಬಿಚ್ಚಿ, ಎಲ್ಲಕ್ಕಿಂತ ಮೇಲಿದ್ದುದನ್ನು ಎರಡೂ ಕೈಯಲ್ಲಿ ಎತ್ತಿ ಹಣೆಗೆ ಒತ್ತಿಕೊಂಡ. ಭಂಡಾರದಿಂದ ಅಂಚೆಲ್ಲ ಹಳದಿಯಾಗಿತ್ತು.

"ಮದ್ಲ ದೇವರ ಕಂಬಳಿ. ನಮ್ಮ ಮುತ್ಯಾಂದು."

ಯಲ್ಲೇಶ ಬಾಯಿ ತೆರೆದ. ಹೇಳಿಬಿಡಬೇಕು, ಈಗಲೇ ಹೇಳಿಬಿಡಬೇಕು. ಸಾವಕ್ಕ ಕಂಬಳಿ ಒಳಗಿಟ್ಟು ಗಾಜಿನ ಬಾಗಿಲು ಒತ್ತಿದಳು. ಟಕ್ ಅಂದಿತು.

ಧೋಂಡಿಬಾ ಗಾಜಿನ ಎದುರು ಚಕ್ಕಳಮಕ್ಕಳ ಹಾಕಿ ಕೂತು, ಪಕ್ಕದಲ್ಲಿ ಜಾಗ ಮಾಡಿ ಅಳಿಯನನ್ನು ಕೂಡಿಸಿಕೊಂಡ. ಮೊದಲ ಸಲ ಅವನ ಹೆಗಲ ಮೇಲೆ ಕೈ ಹಾಕಿದ.

"ನೀರ ಬಿಸಿ ಎಷ್ಟ ಇಟ್ಟಿದ್ರಿ ಅಳಿಯಂದ್ರ?"

"ಅವರು ಇಟ್ಟಷ್ಟ ಇಟ್ಟೇನಿ ಯಪ್ಪಾ, ಮುಟ್ಟೇ ಇಲ್ಲ ನಾನು," ಅಂದಳು ಸಾವಕ್ಕ.

"ಇದೂ ಹಂಗ ಮೆತ್ತಗ ಆಗ್ತೈತಲ್ಲ?"

"ಆಗ್ತೈತ್ರಿ ಮಾವಾರ," ಅಂದ ಯಲ್ಲೇಶ. ಸಣ್ಣದೂ ಆಗುತ್ತದೆ ಎಂದು ಗೊತ್ತಿದ್ದವನು ಅವನೊಬ್ಬನೇ. ಗಾಜಿನೊಳಗೆ ಹಳದಿ ನೀರು ಏರತೊಡಗಿತ್ತು.